ಜಗುಲಿಯ ಮೇಲೆ ಬರೆದ ಹೇಳಿಕೆ

ನಾನು ಕಾನೂನು ಓದುತ್ತಿದ್ದ ಕೊನೆಯ ವರ್ಷ. ಒಂದು ಸೋಮವಾರ ಮಧ್ಯಾಹ್ನ ಅನಂತಪುರದ ಕಾಲೇಜಿನ ನೋಟೀಸು ಬೋರ್ಡಿಗೆ ಟೈಪು ಮಾಡಿದ ಒಂದು ಹಾಳೆ ಅಂಟಿಸಿದ್ದರು. ಹಿಂದುಳಿದ ವರ್ಗಗಳ ಕಾನೂನು ಪದವೀಧರರನ್ನು ಸರ್ಕಾರಿ ವಕೀಲರ ಕೈಕೆಳಗೆ ಮೂರು ವರ್ಷ ತರಬೇತಿಗೆ ಇಡುತ್ತಾರೆ, ಜಿಲ್ಲೆಗೆ ಕೆಲವೇ ಜಾಗ, ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು ಎಂದು ತೆಲುಗಿನಲ್ಲಿ ಬರೆದಿತ್ತು. ಕೊನೆಯ ದಿನ ಮುಂದಿನ ವಾರದ ಶುಕ್ರವಾರ, ಸಂಜೆ ಐದು ಗಂಟೆ. ಹಾಳೆ ಬೋರ್ಡಿಗೆ ಬರುವಷ್ಟರಲ್ಲೇ ಅರ್ಧ ಅವಧಿ ಕಳೆದುಹೋಗಿತ್ತು. ನಾನು ಅಲ್ಲೇ ನಿಂತು ನೋಟ್‌ಪುಸ್ತಕದ ಹಿಂದಿನ ಪುಟಕ್ಕೆ ಪೂರ್ತಿ ಬರೆದುಕೊಂಡೆ.

ಆ ಹಾಳೆಯ ಬೆಲೆ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೂಪುರದಲ್ಲಿ ನಮ್ಮದು ಮಗ್ಗದ ಮನೆ. ನಮ್ಮ ಕಡೆಯವರಲ್ಲಿ ಸಾಕ್ಷಿ ಹೇಳುವುದಕ್ಕೂ ಕೋರ್ಟಿನ ಮೆಟ್ಟಿಲು ಹತ್ತಿದವರಿರಲಿಲ್ಲ. ಹಿಂದಿನ ದೀಪಾವಳಿ ರಜೆಯಲ್ಲಿ ಊರಿನ ಇಬ್ಬರು ಹಿರಿಯ ವಕೀಲರ ಮನೆಗೆ ಹೋಗಿ, ಪಾಸಾದ ಮೇಲೆ ನಿಮ್ಮ ಆಫೀಸಿನಲ್ಲಿ ಕೂರಿಸಿಕೊಳ್ಳುತ್ತೀರಾ ಎಂದು ಕೇಳಿದ್ದೆ. ಒಬ್ಬರು ಒಳಗಿನಿಂದ ಕಾಫಿ ತರಿಸಿಕೊಟ್ಟು, ಮದುವೆ ಯಾವಾಗ ಎಂದು ವಿಚಾರಿಸಿದರು. ಇನ್ನೊಬ್ಬರು ನೇರ ಮನುಷ್ಯ. ಹೆಣ್ಣುಮಗಳು ಕೂತಿದ್ದರೆ ಕಕ್ಷಿದಾರರು ಬಾಯಿ ಬಿಟ್ಟು ಮಾತಾಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ ಎಂದುಬಿಟ್ಟರು. ಸರ್ಕಾರದ ಆರ್ಡರು ಕೈಯಲ್ಲಿದ್ದರೆ ಯಾರೂ ಹಾಗೆ ಹೇಳುವಂತಿರಲಿಲ್ಲ.

ಮಂಗಳವಾರ ಊರಿಗೆ ಬಂದವಳು ಮನೆಗೂ ಹೋಗದೆ ಬಸ್ ಸ್ಟ್ಯಾಂಡಿನಿಂದಲೇ ಮಂಡಲ ಆಫೀಸಿಗೆ ಹೋದೆ. ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದ ಹೊಸದು ಅದು. ಯಾವ ಕಾಗದ ಯಾವ ಊರಿನ ಕಪಾಟಿನಲ್ಲಿದೆ ಎಂದು ಆಫೀಸಿನವರಿಗೇ ತಿಳಿಯದೆ ಒದ್ದಾಡುತ್ತಿದ್ದರು. ಜಾತಿ ಸರ್ಟಿಫಿಕೇಟಿನ ಗುಮಾಸ್ತ ನನ್ನ ಅರ್ಜಿಯ ಪಕ್ಕದಲ್ಲಿ ಶಾಲೆಯ ಟೀಸಿ ಇಟ್ಟುಕೊಂಡು, ಎರಡರ ಮೇಲೂ ಪೆನ್ಸಿಲಿನ ತುದಿ ಊರಿದ. "ಇಕ್ಕಡ ಒಕಟಿ, ಅಕ್ಕಡ ಒಕಟಿ. ಇಲ್ಲೊಂದು ಜಾತಿ, ಅಲ್ಲೊಂದು ಜಾತಿ. ನಾನ್ಯಾವ್ದು ಬರೀಲಮ್ಮ?" ಎಂದ.

ಅರ್ಜಿಯಲ್ಲಿ ನಾನು ನೇಕಾರರ ಕುಲ ಎಂದು ಬರೆದಿದ್ದೆ. ಟೀಸಿಯಲ್ಲಿ ಶೈವ ವರ್ತಕರ ಕುಲ ಎಂದಿತ್ತು; ಅದು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರಲಿಲ್ಲ. ನೀನು ಹುಟ್ಟಿದ್ದು ಕಲ್ಯಾಣದುರ್ಗ, ಮೊದಲು ಸೇರಿದ ಶಾಲೆಯೂ ಅಲ್ಲಿಯದೇ, ಆದ್ದರಿಂದ ಅಲ್ಲಿನ ರೆವಿನ್ಯೂ ಇನ್ಸ್‌ಪೆಕ್ಟರು ನೀವಿದ್ದ ಬೀದಿಯಲ್ಲಿ ವಿಚಾರಣೆ ಮಾಡಿ ರಿಪೋರ್ಟು ಬರೆಯಬೇಕು, ಸರ್ಟಿಫಿಕೇಟೂ ಅಲ್ಲೇ ಆಗಬೇಕು ಎಂದು ಗುಮಾಸ್ತ ಕಾಗದಗಳನ್ನು ಹಿಂದಕ್ಕೆ ಕೊಟ್ಟ. ನಾನು ಕಾಗದಗಳನ್ನು ಎತ್ತಿಕೊಂಡು ಹೊರಗೆ ಬಂದೆ. ಆ ಎರಡು ಕುಲದ ಕಥೆ ನನಗೆ ಹತ್ತನೇ ವಯಸ್ಸಿನಿಂದ ಗೊತ್ತಿತ್ತು.

ನಾನು ಹುಟ್ಟುವ ಮೊದಲು ಅಪ್ಪ ಮಗ್ಗಗಳ ವಿಷಯಕ್ಕೆ ಅಣ್ಣಂದಿರೊಡನೆ ಮುನಿಸಿಕೊಂಡು ಹಿಂದೂಪುರ ಬಿಟ್ಟಿದ್ದರು. ಕಲ್ಯಾಣದುರ್ಗದ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದುಕೊಡುವ ಕೆಲಸಕ್ಕೆ ಸೇರಿಕೊಂಡರು. ಅಂಗಡಿ ಸಾಹುಕಾರರು ಶೈವ ವರ್ತಕರು. ಅಪ್ಪನಿಗೆ ಒಂದು ಬಾಡಿಗೆ ಮನೆಯನ್ನು ಅವರೇ ತಮ್ಮವರ ಬೀದಿಯಲ್ಲಿ ಹುಡುಕಿದರು. ಮನೆಯೊಡತಿ ಮಕ್ಕಳಿಲ್ಲದ ವಿಧವೆ. ಮುಂದಿನ ಭಾಗದಲ್ಲಿ ಆಕೆ ಇರುತ್ತಿದ್ದರು, ಹಿಂದಿನ ಎರಡು ಕೋಣೆ ಬಾಡಿಗೆಗೆ. ಬಾವಿ, ಒರಳು, ಅಂಗಳ ಎಲ್ಲ ಒಂದೇ ಆದ್ದರಿಂದ ತಮ್ಮ ಕುಲದವರಿಗಲ್ಲದೆ ಬೇರೆಯವರಿಗೆ ಮನೆ ಕೊಡುವುದಿಲ್ಲ ಎಂಬುದು ಆಕೆಯ ನಿಯಮ. ಸಾಹುಕಾರರು ಅಪ್ಪನನ್ನು ಪಕ್ಕಕ್ಕೆ ಕರೆದು, ನಮ್ಮವನೇ ಎಂದು ಹೇಳಿದ್ದೇನೆ, ನೀನು ಬಾಯಿ ಬಿಡಬೇಡ ಎಂದರಂತೆ. ಅಮ್ಮನಿಗೆ ಆಗ ಆರು ತಿಂಗಳು. ಬೇರೆ ಕಡೆ ಮನೆ ಸಿಕ್ಕಿರಲಿಲ್ಲ. ಅಪ್ಪ ಬಾಯಿ ಬಿಡಲಿಲ್ಲ. ನನ್ನನ್ನು ಶಾಲೆಗೆ ಸೇರಿಸಲು ಸಾಹುಕಾರರೇ ಜೊತೆಗೆ ಬಂದರು. ಹೆಡ್‌ಮಾಸ್ಟರು ಕುಲ ಯಾವುದು ಎಂದು ಕೇಳಿದಾಗ ಅವರೇ ಹೇಳಿ ಬರೆಸಿದರು. ಅಪ್ಪ ಪಕ್ಕದಲ್ಲಿ ನಿಂತಿದ್ದರು.

ಮನೆಯೊಡತಿಯನ್ನು ನಾನು ಅಜ್ಜಿ ಎನ್ನುತ್ತಿದ್ದೆ. ಕಣ್ಣು ಬಿಟ್ಟಾಗಿನಿಂದ ಅವರ ತೊಡೆಯ ಮೇಲೆ ಬೆಳೆದವಳು. ನನಗೆ ಜಡೆ ಹಾಕುತ್ತಿದ್ದವರು ಅವರು, ಮಗ್ಗಿ ಕಲಿಸಿದವರು ಅವರು, ಜ್ವರ ಬಂದರೆ ಅಮ್ಮನಿಗಿಂತ ಮೊದಲು ಹಣೆ ಮುಟ್ಟಿ ನೋಡುತ್ತಿದ್ದವರೂ ಅವರೇ. ಐದಾರು ವರ್ಷದವಳಾದಾಗಿನಿಂದ ಬೆಳಗ್ಗೆ ಒಂದು ಸಣ್ಣ ತಂಬಿಗೆಯಲ್ಲಿ ಬಾವಿಯ ನೀರು ತಂದು ಅವರ ದೇವರ ಮನೆಯ ಹೊಸಿಲ ಒಳಗೆ ಇಡುವುದು ನನ್ನ ಕೆಲಸವಾಗಿತ್ತು. ಆ ನೀರಿನಲ್ಲಿ ಅವರು ಪೂಜೆ ಮಾಡುತ್ತಿದ್ದರು. ಯಾರಾದರೂ ನೀವು ಯಾರು ಎಂದು ಕೇಳಿದರೆ ಏನು ಹೇಳಬೇಕು ಎಂದು ಅಮ್ಮ ನನಗೆ ಪಾಠದ ಹಾಗೆ ಬಾಯಿಪಾಠ ಮಾಡಿಸಿದ್ದಳು. ಆ ಮನೆಯಲ್ಲಿದ್ದ ಹತ್ತು ವರ್ಷ ಅಮ್ಮ ಒಂದು ಎಳೆ ನೂಲು ಸುತ್ತಲಿಲ್ಲ.

ತಾತ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ರಾಜಿಯಾದರು, ನಾವು ಹಿಂದೂಪುರಕ್ಕೆ ಮರಳಿದೆವು. ಬೀದಿಯ ಎಲ್ಲ ಮನೆಗಳಿಂದಲೂ ಮಗ್ಗದ ಸದ್ದು ಬರುತ್ತಿತ್ತು. ನಾವೂ ಇವರೇ, ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಹೇಳು ಎಂದು ಅಮ್ಮ ಹೇಳಿದಳು. ಅಜ್ಜಿಗೆ ಏನು ಹೇಳಬೇಕು ಎಂದು ಕೇಳಿದ್ದಕ್ಕೆ ಅವಳು ಪಾತ್ರೆ ಜೋಡಿಸುತ್ತ ಒಳಗೆ ಹೋದಳು. ಟೀಸಿಯಲ್ಲಿದ್ದದ್ದು ಹೈಸ್ಕೂಲಿಗೂ ಬಂತು, ಕಾಲೇಜಿಗೂ ಬಂತು. ಅದನ್ನು ತಿದ್ದಿಸಬೇಕೆಂದರೆ ಕಲ್ಯಾಣದುರ್ಗಕ್ಕೆ ಹೋಗಬೇಕು. ಅಪ್ಪ ಹೋಗಲಿಲ್ಲ.

ಆ ಮಂಗಳವಾರ ಸಂಜೆ ಮಂಡಲ ಆಫೀಸಿನ ಮಾತನ್ನು ಮನೆಯಲ್ಲಿ ಹೇಳಿದೆ. ಸಾಹುಕಾರರು ಸತ್ತು ನಾಲ್ಕು ವರ್ಷವಾಗಿತ್ತು. ಹೆಡ್‌ಮಾಸ್ಟರೂ ಇರಲಿಲ್ಲ. ಅಪ್ಪ, "ಹೆಡ್ಮಾಸ್ಟ್ರು ತಪ್ಪು ಬರ್ಕೊಂಡ್ರು ಅಂತ ಬರ್ದ್‌ಬುಡು. ಸತ್ತೋರು ಎದ್‌ಬಂದು ಇಲ್ಲ ಅಂತಾರಾ?" ಎಂದರು.

ಸಾಕ್ಷ್ಯದ ಕಾನೂನಿನಲ್ಲಿ ಕಾಲೇಜಿಗೇ ಹೆಚ್ಚು ನಂಬರು ತೆಗೆದಿದ್ದವಳು ನಾನು. ಆದರೂ ಬರೆದೆ. ಯಾರೂ ಬಲವಂತ ಮಾಡಲಿಲ್ಲ. ಛಾಪಾ ಕಾಗದದ ಮೇಲೆ, ನನಗೆ ಬರುತ್ತಿದ್ದ ಅತ್ಯುತ್ತಮ ತೆಲುಗಿನಲ್ಲಿ, ಸದರಿ ಶಾಲೆಯ ಮುಖ್ಯೋಪಾಧ್ಯಾಯರು ಪ್ರಮಾದವಶಾತ್ ತಪ್ಪು ಕುಲ ನಮೂದಿಸಿರುತ್ತಾರೆ ಎಂದು ಅಪ್ಪನ ಹೆಸರಿನಲ್ಲಿ ಅಫಿಡವಿಟ್ಟು ತಯಾರಿಸಿದೆ. ಬುಧವಾರ ಅಪ್ಪ ನೋಟರಿಯ ಮುಂದೆ ಸಹಿ ಹಾಕಿದರು. ದೊಡ್ಡಪ್ಪನ ಜಾತಿ ಸರ್ಟಿಫಿಕೇಟಿನ ನಕಲನ್ನೂ ಜೊತೆಗಿಟ್ಟುಕೊಂಡೆ. ಕಾಗದಗಳು ನೋಡುವುದಕ್ಕೆ ಅಚ್ಚುಕಟ್ಟಾಗಿದ್ದವು. ಆ ರಾತ್ರಿ ನನಗೆ ಚೆನ್ನಾಗಿಯೇ ನಿದ್ದೆ ಬಂತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಗುರುವಾರ ಹೊರಟೆ. ರೊದ್ದಂ ಮಾರ್ಗವಾಗಿ ಪಾವಗಡ, ಅಲ್ಲಿ ಇಳಿದು ಕಲ್ಯಾಣದುರ್ಗದ ಬಸ್ಸು. ಆಂಧ್ರದಿಂದ ಕರ್ನಾಟಕಕ್ಕೆ ಹೋಗಿ ಮತ್ತೆ ಆಂಧ್ರಕ್ಕೆ ಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಇನ್ಸ್‌ಪೆಕ್ಟರು ಕ್ಯಾಂಪಿನಲ್ಲಿದ್ದಾರೆ, ಸೋಮವಾರ ಬಾ ಎಂದು ಅಲ್ಲಿನ ಆಫೀಸಿನವರು ಹೇಳಿದರು. ಸೋಮವಾರ ಮತ್ತೆ ಹೋದೆ. ಈ ಸಲ ಸಿಕ್ಕರು. ಐವತ್ತು ದಾಟಿದ, ನಿಧಾನವಾಗಿ ಮಾತಾಡುವ ಮನುಷ್ಯ. ಅಫಿಡವಿಟ್ಟನ್ನು ಎರಡು ಸಲ ಓದಿ, ಯಾರು ಬರೆದದ್ದು ಎಂದು ಕೇಳಿದರು. ನಾನೇ ಎಂದೆ. ಚೆನ್ನಾಗಿ ಬರೆದಿದ್ದೀಯ ಎಂದರು. ಆಮೇಲೆ, ಇಷ್ಟೇ ಸಾಲದು, ಗುರುವಾರ ಬೆಳಗ್ಗೆ ಹತ್ತಕ್ಕೆ ನಾನೇ ಆ ಬೀದಿಗೆ ಬರುತ್ತೇನೆ, ನೀವಿದ್ದ ಮನೆಯವರ ಹೇಳಿಕೆ ಬೇಕು ಎಂದರು. ಬೀದಿಯವರೇ ಆಗಬೇಕೇ, ಊರಿನ ಬೇರೆ ಯಾರಾದರೂ ಇಬ್ಬರು ಹಿರಿಯರು ಹೇಳಿದರೆ ಆಗದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮನೆ ಓನರು ಬದ್ಕವ್ರಾ?"

"ಇದ್ದಾರೆ ಸಾರ್."

"ಮತ್ತೆ ಬೇರೆಯೋರು ಯಾಕಮ್ಮ? ಆಯಮ್ಮನ್ನೇ ಕೇಳ್ತೀನಿ ಬುಡು."

ಆ ದಿನ ಅಜ್ಜಿಯ ಬೀದಿಯ ತುದಿಯವರೆಗೆ ನಡೆದು ಹೋದೆ. ಅಲ್ಲಿಂದಲೇ ತಿರುಗಿ ಬಸ್ ಸ್ಟ್ಯಾಂಡಿಗೆ ಬಂದೆ.

ಮನೆಯಲ್ಲಿ ಅಪ್ಪ ಅರ್ಜಿಯನ್ನೇ ಬಿಟ್ಟುಬಿಡು ಎಂದರು. ತರಬೇತಿ ಇಲ್ಲದಿದ್ದರೆ ಕೋರ್ಟಿಗೆ ಹೋಗುವುದಕ್ಕೆ ಆಗುವುದಿಲ್ಲವೇ, ಯಾರಾದರೂ ವಕೀಲರ ಕಾಲು ಹಿಡಿಯೋಣ, ಆಯಮ್ಮನ ಮುಂದೆ ನಿಲ್ಲುವುದು ಮಾತ್ರ ನನ್ನ ಕೈಯಲ್ಲಿ ಆಗುವುದಿಲ್ಲ ಎಂದರು. ಮಂಗಳವಾರವಿಡೀ ಮನೆಯಲ್ಲಿ ಮಗ್ಗದ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ನನಗೆ ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಅರ್ಜಿ ಬಿಟ್ಟರೂ ಇನ್ಸ್‌ಪೆಕ್ಟರು ಗುರುವಾರ ಆ ಬೀದಿಗೆ ಹೋಗಿಯೇ ಹೋಗುತ್ತಾರೆ. ಅಜ್ಜಿಗೆ ಈ ಮಾತು ಒಬ್ಬ ಸರ್ಕಾರಿ ಮನುಷ್ಯನ ಬಾಯಿಂದ, ಬೀದಿಯ ಮಧ್ಯೆ ತಿಳಿಯುತ್ತದೆ. ಅದಕ್ಕಿಂತ ಮೊದಲು ನಾನೇ ಹೇಳಬೇಕು. ಅದು ಧೈರ್ಯವೇನಲ್ಲ. ಬೇರೆ ದಾರಿ ಉಳಿದಿರಲಿಲ್ಲ, ಅಷ್ಟೆ. ಬುಧವಾರ ಬೆಳಗ್ಗೆ ಅಮ್ಮನಿಗೆ ಮಾತ್ರ ಹೇಳಿ ಮೊದಲ ಬಸ್ಸು ಹತ್ತಿದೆ.

ಅಜ್ಜಿ ಜಗುಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ನಾವು ಆ ಮನೆ ಬಿಟ್ಟು ಹನ್ನೆರಡು ವರ್ಷಗಳಾಗಿದ್ದವು. ನಾನು ಮೆಟ್ಟಿಲ ಹತ್ತಿರ ನಿಂತು ಅಜ್ಜಿ ಎಂದೆ. ಅವರು ಕಣ್ಣು ಕಿರಿದು ಮಾಡಿ ನೋಡಿದವರು ಬತ್ತಿಯ ತಟ್ಟೆ ಪಕ್ಕಕ್ಕಿಟ್ಟು ಎದ್ದೇಬಿಟ್ಟರು. ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಅಡಿಗೆಮನೆಯಲ್ಲಿ ಮಣೆ ಹಾಕಿ ಕೂರಿಸಿದರು. ಒಗ್ಗರಣೆ ಹಾಕಿದ ಮಂಡಕ್ಕಿ ತಟ್ಟೆ ತುಂಬ ಕೊಟ್ಟರು. ಇಷ್ಟುದ್ದ ಬೆಳೆದಿದ್ದೀಯ, ಕೂದಲು ಯಾಕೆ ಇಷ್ಟು ಉದುರಿದೆ, ನಿಮ್ಮಮ್ಮನಿಗೆ ಸೊಂಟ ನೋವು ಹೇಗಿದೆ ಎಂದು ಒಂದೇ ಸಮ ಕೇಳುತ್ತ ನನ್ನ ಬೆನ್ನು ಸವರುತ್ತಿದ್ದರು. ನಾನು ತಿಂದೆ. ಹೇಳಿ ತಿನ್ನಬೇಕಿತ್ತು, ತಿಂದು ಹೇಳಿದೆ. ಆ ತಪ್ಪು ನನಗೆ ಅಫಿಡವಿಟ್ಟಿಗಿಂತ ಹೆಚ್ಚು ಕಾಡಿದೆ.

ತಟ್ಟೆ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಸಾಹುಕಾರರು ಹೇಳಿದ್ದು, ಅಪ್ಪ ಸುಮ್ಮನಿದ್ದದ್ದು, ಶಾಲೆಯಲ್ಲಿ ಬರೆಸಿದ್ದು, ಈಗ ನನಗೆ ಏನು ಬೇಕಾಗಿದೆ ಎಂಬುದು. ಮಧ್ಯದಲ್ಲಿ ಎಲ್ಲೋ ಬೆನ್ನಿನ ಮೇಲಿದ್ದ ಕೈ ನಿಂತಿತು. ಆಮೇಲೆ ಅದು ಅಲ್ಲಿರಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದರು.

ಅರ್ಥ ಗೊತ್ತಿರಲಿಲ್ಲ, ಆದರೆ ಕೇಳಿದವರಿಗೆ ಏನು ಹೇಳಬೇಕೆಂದು ಅಮ್ಮ ಕಲಿಸಿದ್ದಳು ಎಂದೆ.

"ನನ್ ದೇವ್ರಿಗೆ ನೀರು ತಂದಿಡ್ತಿದ್ದೆ ನೀನು" ಎಂದರು. ದನಿ ಏರಿಸಲಿಲ್ಲ. ಎದ್ದು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ತೊಳೆದಿಡಬೇಕು. ಬಾವಿಯ ಹಗ್ಗ ಎದುರಿಗೇ ಇತ್ತು. ಅದನ್ನು ಮುಟ್ಟಬಹುದೋ ಮುಟ್ಟಬಾರದೋ ತಿಳಿಯಲಿಲ್ಲ. ಅದೇ ಹಗ್ಗ ಎಳೆದೂ ಎಳೆದೂ ಚಿಕ್ಕಂದಿನಲ್ಲಿ ನನ್ನ ಅಂಗೈ ಗಟ್ಟಿಯಾಗಿತ್ತು. ತಟ್ಟೆ ಹಿಡಿದುಕೊಂಡು ಬಾವಿಕಟ್ಟೆಯಿಂದ ಎರಡು ಮಾರು ದೂರ ನಿಂತೇ ಇದ್ದೆ. ಮೊದಲು ಅಪರಾಧ ಮಾಡಿದವಳ ಹಾಗೆ ಅನಿಸಿತು. ಬರಬರುತ್ತ ಸಿಟ್ಟು ಬಂತು. ನಾನು ತಂದ ನೀರಿಗೆ ಏನಾಗಿತ್ತು? ಆ ನೀರಿನಲ್ಲಿ ಹತ್ತಿರ ಹತ್ತಿರ ಐದು ವರ್ಷ ಪೂಜೆ ನಡೆಯಲಿಲ್ಲವೇ? ಅಪರಾಧ, ಸಿಟ್ಟು ಎರಡೂ ಒಟ್ಟಿಗೆ ಇದ್ದವು. ಯಾವುದು ಸರಿ ಎಂದು ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ.

ಪಾವಗಡಕ್ಕೆ ಹೋಗುವ ಎರಡೂವರೆ ಬಸ್ಸು ತಪ್ಪಿದರೆ ಕತ್ತಲಾಗುವುದರೊಳಗೆ ಮನೆ ಸೇರುವಂತಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಬಾಗಿಲು ತೆಗೆಯಿತು. ಅಜ್ಜಿ ನನ್ನ ಕೈಯಿಂದ ತಟ್ಟೆ ಇಸಿದುಕೊಂಡು ಕೆಳಗಿಟ್ಟು, ಜಗುಲಿಗೆ ನಡೆ ಎಂದರು. ಹೊರಗೆ ಬಂದೆವು. ನಾನು ಕೂತೆ, ಅವರು ಹೊಸಿಲ ಒಳಗೆ ನಿಂತರು.

"ನೀವು ಯಾರು ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಇರೋದ್ನ ಗೊತ್ತಿತ್ತು ಅಂತ ಸಾಕ್ಷಿ ಹೇಳಾಕಾಯ್ತದಾ? ನಿಮ್ಮಪ್ಪ ಬರ್ಲಿ. ನನ್ ಮುಂದೆ ನಿಂತ್ಕಂಡು ಹೇಳ್ಲಿ. ಆಗ ನಂಗೆ ಗೊತ್ತಾದಂಗಾಯ್ತದೆ. ಆಮ್ಯಾಕೆ ಸಯ್ನು ಹಾಕ್ತೀನಿ."

ಸಾಕ್ಷಿ ತಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಬೇಕು ಎಂದು ಕಾಲೇಜಿನಲ್ಲಿ ಒಂದು ತಿಂಗಳು ಪಾಠ ಕೇಳಿದ್ದೆ. ಶಾಲೆಯ ಮುಖ ಕಾಣದ ಅಜ್ಜಿ ಅದನ್ನೇ ನಾಲ್ಕು ಮಾತಿನಲ್ಲಿ ಹೇಳಿದರು.

ಸಂಜೆ ಮನೆ ಸೇರಿದಾಗ ಅಪ್ಪ ಮಗ್ಗದ ಗುಂಡಿಯಲ್ಲಿ ಕೂತಿದ್ದರು. ನಾನು ಎಲ್ಲಿಗೆ ಹೋಗಿದ್ದೆ ಎಂದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಅಜ್ಜಿಯ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ಅಮ್ಮ ಒಳಗಿನಿಂದ ಬಂದು ಮಗ್ಗದ ಕಂಬ ಹಿಡಿದು ನಿಂತಳು.

"ಹತ್ ವರ್ಸ ಆಯಮ್ಮನ ಒರಳಲ್ಲಿ ರುಬ್ಬಿವ್ನಿ. ಒಂದಿನಾನೂ ಕಣ್ಣೆತ್ತಿ ಅವರ ಮಕ ನೋಡಕ್ಕಾಗ್ಲಿಲ್ಲ ನಂಗೆ" ಎಂದಳು. "ನೀವು ಹೋಗ್ದಿದ್ರೆ ನಾನೋಯ್ತೀನಿ."

ಅಪ್ಪ ಲಾಳಿ ಓಡಿಸುತ್ತಲೇ ಇದ್ದರು. ಊಟಕ್ಕೂ ಏಳಲಿಲ್ಲ. ಅವರು ಬರುವುದಿಲ್ಲ ಎಂದುಕೊಂಡೇ ನಾನು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಕಲ್ಯಾಣದುರ್ಗದಲ್ಲಿದ್ದಷ್ಟು ವರ್ಷ ಹಣೆ ತುಂಬ ವಿಭೂತಿ ಬಳಿದುಕೊಳ್ಳುತ್ತಿದ್ದವರು ಅಂದು ಏನೂ ಇಟ್ಟುಕೊಂಡಿರಲಿಲ್ಲ.

ಪಾವಗಡದಲ್ಲಿ ಜನ ತುಂಬುವವರೆಗೂ ಬಸ್ಸು ಹೊರಡುವುದಿಲ್ಲ ಎಂದು ಡ್ರೈವರು ಟೀ ಕುಡಿಯಲು ಹೋದ. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ನಾನು ಕೆಳಗಿಳಿದು ಡ್ರೈವರನ್ನು ಕರೆಯುವುದು, ಮತ್ತೆ ಹತ್ತಿ ಕೂರುವುದು ಮಾಡುತ್ತಿದ್ದೆ. ಅಪ್ಪ ಕಿಟಕಿಯ ಹತ್ತಿರ ಕಲ್ಲಿನ ಹಾಗೆ ಕೂತಿದ್ದರು. ಬಸ್ಸು ಹೊರಡದಿದ್ದರೆ ಸಾಕು ಎಂದು ಅವರು ಒಳಗೊಳಗೇ ಬೇಡಿಕೊಳ್ಳುತ್ತಿದ್ದರೋ ಏನೋ.

ನಾವು ಬೀದಿ ತಲುಪುವಷ್ಟರಲ್ಲಿ ಹತ್ತೂವರೆ. ಇನ್ಸ್‌ಪೆಕ್ಟರು ಆಗಲೇ ಜಗುಲಿಯ ಮೇಲೆ ಕೂತಿದ್ದರು. ಎದುರು ಮನೆಯ ಒಬ್ಬ ಮುದುಕರನ್ನೂ ಕರೆಸಿದ್ದರು. ಅಜ್ಜಿ ಹಿಂದಿನ ದಿನದ ಹಾಗೆಯೇ ಹೊಸಿಲ ಒಳಗೆ. ಇನ್ಸ್‌ಪೆಕ್ಟರ ತೊಡೆಯ ಮೇಲೆ ನನ್ನ ಅಫಿಡವಿಟ್ಟು ಬಿಚ್ಚಿಕೊಂಡಿತ್ತು. ಅದನ್ನು ಓದಿ ಹೇಳಿದ್ದಾರೆ ಎಂದು ಅಜ್ಜಿಯ ಮುಖ ನೋಡುತ್ತಲೇ ತಿಳಿಯಿತು. ಅಫಿಡವಿಟ್ಟಿನ ವಿಷಯವೊಂದನ್ನು ಮಾತ್ರ ನಾನು ಅವರಿಗೆ ಹೇಳಿರಲಿಲ್ಲ.

ಅಪ್ಪ ಚಪ್ಪಲಿ ಬೀದಿಯಲ್ಲೇ ಬಿಟ್ಟು, ಮೆಟ್ಟಿಲು ಹತ್ತದೆ ಕೆಳಗೇ ನಿಂತು ಕೈ ಮುಗಿದರು.

"ಹೆಡ್ಮಾಸ್ಟ್ರು ತಪ್ಪು ಬರ್ಕೊಂಡ್ರೇನಪ್ಪ?" ಅಜ್ಜಿ ಕೇಳಿದರು.

ಹೌದು ಎಂದರೆ ಕಾಗದ ಉಳಿಯುತ್ತದೆ, ಅಜ್ಜಿ ಉಳಿಯುವುದಿಲ್ಲ. ಇಲ್ಲ ಎಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆಂದು ಅಪ್ಪನ ಮೇಲೆಯೇ ಕೇಸು ಹಾಕಬಹುದು. ಅದಕ್ಕೆ ಎಷ್ಟು ವರ್ಷ ಶಿಕ್ಷೆ ಎಂಬುದೂ ನನಗೆ ಬಾಯಿಗೇ ಬರುತ್ತಿತ್ತು.

"ಇಲ್ಲ ಅಮ್ಮಾವ್ರೆ" ಅಂದರು ಅಪ್ಪ. "ಅವರ್ದೇನೂ ತಪ್ಪಿಲ್ಲ. ಸಾವ್ಕಾರ್ರು ಹೇಳಿ ಬರ್ಸುದ್ರು, ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಕೆ ನಿಂತಿದ್ದೆ. ನಾವು ನೇಕಾರ್ರು. ಈ ಮನೇಗೆ ಬಂದಾಗ್ಲೂ ನಿಮಗೆ ಸುಳ್ ಹೇಳ್ಕಂಡೇ ಬಂದ್ವಿ."

"ಮನೆ ಬುಟ್ಟು ಹೋಗೋವಾಗ ಹೇಳ್ಬೋದಿತ್ತಲ್ಲ."

"ನೀವು ಬಸ್‌ಸ್ಟ್ಯಾಂಡ್‌ಗಂಟ ಬಂದ್ರಿ. ಮಗೀನ ತಬ್ಕಂಡು ಅತ್ರಿ. ಆಗ ಹೇಳಾಕೆ ಬಾಯ್ ಬರ್ಲಿಲ್ಲ."

ಎದುರು ಮನೆಯ ಮುದುಕರು ಕೆಮ್ಮಿದರು. ಅಪ್ಪ ತಲೆ ಎತ್ತಿ, ಕೇಳಲೋ ಬೇಡವೋ ಎನ್ನುವ ಹಾಗೆ ಒಂದು ಮಾತು ಕೇಳಿದರು.

"ಬಂದಾಗ್ಲೇ ನಿಜ ಹೇಳಿದ್ರೆ ಮನೆ ಕೊಡ್ತಿದ್ರಾ ಅಮ್ಮಾವ್ರೆ?"

ಅಜ್ಜಿ ಯೋಚನೆ ಮಾಡಿಯೇ ಉತ್ತರ ಕೊಟ್ಟರು.

"ಕೊಡ್ತಿರ್ಲಿಲ್ಲ."

ಇನ್ನು ಇಬ್ಬರ ಹತ್ತಿರವೂ ಕೇಳುವುದು ಏನೂ ಉಳಿದ ಹಾಗೆ ಕಾಣಲಿಲ್ಲ. ಇನ್ಸ್‌ಪೆಕ್ಟರು ಅಫಿಡವಿಟ್ಟನ್ನು ಮಡಿಸಿ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಲಾ ಓದುವ ಹುಡುಗಿ ತನ್ನ ಅಪ್ಪನ ಕೈಯಲ್ಲಿ ಇಂಥದ್ದಕ್ಕೆ ಸಹಿ ಹಾಕಿಸುತ್ತಾಳೆಯೇ ಎಂದು ತೆಲುಗಿನಲ್ಲಿ ಕೇಳಿದರು. ಈ ಕಾಗದವನ್ನು ನಾನು ಫೈಲಿಗೆ ಸೇರಿಸಿಲ್ಲ, ತೆಗೆದುಕೊಂಡು ಹೋಗು, ನಡೆದದ್ದನ್ನು ನಡೆದ ಹಾಗೆ ಇಲ್ಲೇ ಕೂತು ಬರೆದುಕೊಡು ಎಂದು ನನ್ನ ಮುಂದೆ ಬಿಳಿ ಹಾಳೆಗಳನ್ನು ಇಟ್ಟರು.

ಜಗುಲಿಯ ಮೇಲೆ ಕೂತು ಬರೆದೆ. ಮೊದಲು ಅಪ್ಪನದು, ಆಮೇಲೆ ಅಜ್ಜಿಯದು. ಅಜ್ಜಿಯ ಹೇಳಿಕೆಯಲ್ಲಿ, ಇಂಥ ಹೇಳಿಕೆಗಳಲ್ಲಿ ಯಾವಾಗಲೂ ಬರುವ ಹಾಗೆ, ಈ ಕುಟುಂಬದವರನ್ನು ನಾನು ಮೊದಲಿನಿಂದ ಬಲ್ಲೆ, ಇವರು ನೇಕಾರ ಕುಲದವರು ಎಂದು ಬರೆದು ಓದಿ ಹೇಳಿದೆ. ಅವರು ಒಪ್ಪಲಿಲ್ಲ. ಮೊದಲಿನಿಂದ ಎಂಬುದನ್ನು ಹೊಡೆದುಹಾಕು, ಇವತ್ತು ತಿಳಿಯಿತು ಎಂದು ಬರೆ ಎಂದರು. ಹಾಗೆ ಬರೆದರೆ ಸಾಕ್ಷಿಯ ಬಲ ಕಡಿಮೆಯಾಗುತ್ತದೆ ಎಂದು ಇನ್ಸ್‌ಪೆಕ್ಟರು ತಿಳಿಸಿ ಹೇಳಿದರು. ಬಲ ಎಷ್ಟಿದೆಯೋ ಅಷ್ಟೇ ಇರಲಿ ಎಂದರು ಅಜ್ಜಿ. ದೊಡ್ಡಪ್ಪನ ಸರ್ಟಿಫಿಕೇಟಿನ ನಕಲು ಇದ್ದದ್ದರಿಂದ ಅದೂ ಇದೂ ಸೇರಿ ರಿಪೋರ್ಟಿಗೆ ಸಾಕಾಯಿತು. ಅಜ್ಜಿ ಕನ್ನಡದಲ್ಲಿ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಪೆನ್ನನ್ನು ನನ್ನ ಕೈಗೆ ಕೊಡದೆ ಜಗುಲಿಯ ಮೇಲಿಟ್ಟರು.

ಅಪ್ಪ ಮತ್ತೊಮ್ಮೆ ಕೈ ಮುಗಿದರು. ಅಜ್ಜಿ ತಲೆ ಅಲ್ಲಾಡಿಸಿ ಒಳಗೆ ಹೋದರು. ಬರುತ್ತೀರಾ, ಹೋಗುತ್ತೀರಾ ಎಂದೇನೂ ಅನ್ನಲಿಲ್ಲ. ಅಪ್ಪ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟರು. ನಾನು ಕಲ್ಯಾಣದುರ್ಗದಲ್ಲೇ ಕಾಲೇಜಿನ ಗೆಳತಿಯೊಬ್ಬಳ ಸೋದರಮಾವನ ಮನೆಯಲ್ಲಿ ಉಳಿದುಕೊಂಡೆ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೇ ಮಂಡಲ ಆಫೀಸಿನ ಬಾಗಿಲಲ್ಲಿದ್ದೆ. ರಿಪೋರ್ಟು ತಯಾರಾಗಿತ್ತು, ಸರ್ಟಿಫಿಕೇಟೂ ಟೈಪಾಗಿತ್ತು. ಸಹಿ ಹಾಕಬೇಕಾದ ಅಧಿಕಾರಿ ಮಾತ್ರ ಹಳ್ಳಿಯ ಕಡೆ ಹೋಗಿದ್ದರು. ಯಾವಾಗ ಬರುತ್ತಾರೆ ಎಂದರೆ ಜವಾನ ಕೈ ತಿರುಗಿಸಿದ. ಹನ್ನೊಂದಾಯಿತು, ಹನ್ನೆರಡಾಯಿತು. ಅನಂತಪುರಕ್ಕೆ ಎರಡು ಗಂಟೆಯ ದಾರಿ. ಜೀಪಿನ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಒಂದೂವರೆಗೆ ಅವರ ಜೀಪು ಬಂತು. ಅವರು ನೇರ ಊಟಕ್ಕೆ ಒಳಗೆ ಹೋದರು. ಎರಡೂಕಾಲಿಗೆ ಸಹಿಯಾಯಿತು. ಓದಿ ನೋಡದೆ ಹಾಕಿದ ಸಹಿ. ನಾವು ಪಟ್ಟದ್ದೆಲ್ಲ ಅವರಿಗೆ ಒಂದು ಗೆರೆಯಷ್ಟೇ ಆಗಿತ್ತು.

ಅನಂತಪುರದ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕಾಗದಗಳನ್ನು ಎದೆಗೊತ್ತಿಕೊಂಡು ಪೂರ್ತಿ ದಾರಿ ನಿಂತೇ ಹೋದೆ. ಕಲೆಕ್ಟರ್ ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳುವ ಸೆಕ್ಷನ್ ಮುಟ್ಟಿದಾಗ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಅರ್ಜಿಗಳ ಕಟ್ಟಿಗೆ ಗುಮಾಸ್ತರು ಆಗಲೇ ದಾರ ಸುತ್ತಿದ್ದರು. ನನ್ನ ಮುಖ ನೋಡಿ ಏನನ್ನಿಸಿತೋ, ಗೊಣಗುತ್ತಲೇ ಗಂಟು ಬಿಚ್ಚಿ, ಕಾಗದಗಳನ್ನು ಎಣಿಸಿ, ಮೊಹರು ಹೊಡೆದು ನಂಬರು ಬರೆದುಕೊಟ್ಟರು. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಮೇಜಿನ ಹಿಂದೆ ನಾಲ್ಕು ಜನ. ಒಬ್ಬರು ನನ್ನ ಟೀಸಿಯನ್ನೂ ಸರ್ಟಿಫಿಕೇಟನ್ನೂ ಅಕ್ಕಪಕ್ಕ ಇಟ್ಟುಕೊಂಡು ಇದೇನು ಎಂದು ಕೇಳಿದರು. ಮನೆ ಸಿಗಲೆಂದು ನನ್ನ ತಂದೆ ಸುಳ್ಳು ಹೇಳಿದ್ದರು, ಈಗ ನಿಜ ಬರೆದುಕೊಟ್ಟಿದ್ದಾರೆ ಎಂದೆ. "ಇಂಟಿ ಕೋಸಮಾ?" ಬರೀ ಮನೆಗೋಸ್ಕರವೇ ಎಂದು ಅವರಿಗೆ ಆಶ್ಚರ್ಯ. ಹೌದು ಎಂದೆ. ಇನ್ನೊಬ್ಬರು ಅಫಿಡವಿಟ್ಟು ಎಂದರೇನು, ಸುಳ್ಳು ಅಫಿಡವಿಟ್ಟಿಗೆ ಯಾವ ಶಿಕ್ಷೆ ಎಂದು ಕೇಳಿದರು. ಅದೃಷ್ಟವೋ ದುರದೃಷ್ಟವೋ, ಆ ಪ್ರಶ್ನೆಗೆ ನಾನು ತಡವರಿಸಬೇಕಾಗಿ ಬರಲಿಲ್ಲ. ಮಳೆಗಾಲ ಶುರುವಾದ ಮೇಲೆ ಆರ್ಡರು ಬಂತು. ಪಟ್ಟಿಯಲ್ಲಿ ನನ್ನ ಹೆಸರು ಕೊನೆಯದು. ಹಿಂದೂಪುರದ ಕೋರ್ಟಿನಲ್ಲೇ ಸರ್ಕಾರಿ ವಕೀಲರ ಕೈಕೆಳಗೆ ಹಾಕಿದ್ದರು. ಅವರು ಆರ್ಡರನ್ನು ಎರಡು ಸಲ ಓದಿ, ಕಿಟಕಿಯ ಹತ್ತಿರ ನನಗೊಂದು ಕುರ್ಚಿ ಹಾಕಿಸಿದರು.

ದಸರಾ ರಜೆಯಲ್ಲಿ ಕಲ್ಯಾಣದುರ್ಗಕ್ಕೆ ಹೋದೆ. ಅಪ್ಪ ಬರಲಿಲ್ಲ. ಅವರು ಮತ್ತೆಂದೂ ಆ ಬೀದಿಗೆ ಕಾಲಿಡಲಿಲ್ಲ. ಅಜ್ಜಿ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ತರಬೇತಿ ಹೇಗಿದೆ, ಕಪ್ಪು ಕೋಟು ಸೆಕೆಗೆ ಕಷ್ಟವಲ್ಲವೇ, ಜಡ್ಜಿ ಒಳ್ಳೆಯವರೇ ಎಂದು ಒಂದು ಗಂಟೆ ಮಾತಾಡಿದರು. ತಮ್ಮ ತಂಗಿಯ ಮಗನಿಗೆ ಹೊಲದ ಕಾಗದದಲ್ಲಿ ಏನೋ ತೊಡಕಾಗಿದೆ ಎಂದು ಹೇಳಿ, ಅವನನ್ನು ನನ್ನ ಹತ್ತಿರ ಕಳಿಸಲೇ ಎಂದೂ ಕೇಳಿದರು. ಕಳಿಸಿ ಎಂದೆ. ಲೋಟದಲ್ಲಿ ನೀರು ತಂದು ಕೊಟ್ಟರು, ಕುಡಿದೆ. ಒಳಗೆ ಬಾ ಎಂದು ಅವರು ಕರೆಯಲಿಲ್ಲ. ಕರೆಯಲೆಂದು ನಾನೂ ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡೂವರೆಯ ಬಸ್ಸಿಗೆ ಎದ್ದೆ. "ಹೋಗಿ ಬತ್ತೀನಿ ಅಜ್ಜಿ" ಎಂದೆ. ಹುಷಾರು ಕಣಮ್ಮ ಎಂದು ಮೆಟ್ಟಿಲವರೆಗೆ ಬಂದು ನಿಂತರು.